ಮೂರನೆಯ ಸಾಲು

ನಮ್ಮ ಕಡೆ ಹೆಣದ ಮುಂದೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ. ಹಾಗೆ ಅಳುವವಳ ಬಾಯಿಗೆ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ಅತ್ತೆಯ ಹೊಡೆತ, ಗಂಡನ ಕುಡಿತ, ಭಾವ ನುಂಗಿದ ಹೊಲ, ಯಾವುದನ್ನು ಬೇಕಾದರೂ ಹೆಸರು ಹಿಡಿದು ಹಾಡಬಹುದು. ಹಾಡಿಸಿಕೊಂಡವರು ತಲೆ ತಗ್ಗಿಸಿ ಕೇಳಬೇಕು. ಹೇಳಿದ ಸಾಲನ್ನೇ ಇನ್ನೊಮ್ಮೆ ಹೇಳುವುದು, ಮೂರನೆಯ ಸಾಲಿಗೆ ಚುಚ್ಚುವುದು. ನಮ್ಮವ್ವ ಹಾಗೆ ಅತ್ತಳು, ನಾನೂ ಎಷ್ಟೋ ಮನೆಗಳಲ್ಲಿ ಅತ್ತೆ. ನನ್ನ ತಂಗಿ ಗದಿಗೆಮ್ಮನ ಮುಂದೆ ಮಾತ್ರ ನನ್ನ ಹಾಡು ಅರ್ಧಕ್ಕೆ ನಿಂತಿತು.

ಬಿಜಾಪುರದ ಕಡೆಯಿಂದ ಆಕೆಯನ್ನು ಹೈದರಾಬಾದಿಗೆ ಕೊಟ್ಟಿದ್ದೆವು. ಗಂಡ ಸೋಮಣ್ಣ ಲಿಂಗಂಪಲ್ಲಿಯ ಆಚೆ ಒಂದು ಸರಕಾರಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಇರಲು ಕ್ವಾರ್ಟರ್ಸ್. ಎಮರ್ಜೆನ್ಸಿ ತೆಗೆದ ವರ್ಷ ಗದಿಗೆಮ್ಮನಿಗೆ ಕಾಮಾಲೆ ಏರಿತು. ಅದೇ ಹೊತ್ತಿಗೆ ಸೋಲಾಪುರದಲ್ಲಿ ಅವನ ದೊಡ್ಡಪ್ಪನ ಮಗನ ಮದುವೆ. ಕಣ್ಣು ಹಳದಿಯಾದ ಹೆಂಡತಿಯನ್ನು ನಾಲ್ಕು ಮಂದಿಯ ಮುಂದೆ ಕರೆದೊಯ್ಯಲು ಅವನಿಗೆ ನಾಚಿಕೆ, ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಕೂರಬೇಕು. ಹೊರಗಿನಿಂದ ಚಿಲಕ ಹಾಕಿ, ಬೀಗ ಜಡಿದು ಹೋದ. ಮದುವೆ ಉಂಡು ಬಂದು ಬೀಗ ತೆಗೆದಾಗ ಗದಿಗೆಮ್ಮ ತಣ್ಣಗಾಗಿದ್ದಳು.

ಸುದ್ದಿ ತಿಳಿದು ಊರಿಂದ ಓಡಿಬಂದ ನನಗೆ ಇದನ್ನು ನಳದ ಹತ್ತಿರ ಮೆಲ್ಲಗೆ ಹೇಳಿದವಳು ಪಕ್ಕದ ಮನೆಯ ತೆಲುಗಿನಾಕೆ ವನಜಾ. ಗದಿಗೆಮ್ಮ ನೀರು ನೀರು ಎಂದು ಕೂಗುತ್ತಿದ್ದಳಂತೆ. ವನಜಾ ಕಿಟಕಿಯ ಸರಳಿನೊಳಗಿಂದ ಲೋಟ ಇಟ್ಟಿದ್ದಳು, ಹಾಸಿಗೆಯಿಂದ ಎದ್ದು ಅಲ್ಲಿಯವರೆಗೆ ಬರಲು ಇವಳಿಗೆ ಆಗಿರಲಿಲ್ಲ. ಕಂಡವರ ಮನೆಯ ಬೀಗ ಹೇಗೆ ಒಡೆಯಲಿ ಅಕ್ಕಾ ಎಂದು ವನಜಾ ಅತ್ತಳು.

ಗದಿಗೆಮ್ಮನನ್ನು ಗೋಡೆಗೆ ಆನಿಸಿ, ವಿಭೂತಿ ಹಚ್ಚಿ ಕೂರಿಸಿದ್ದರು. ನಾನು ಮುಂದೆ ಕೂತು ಹಾಡು ಎತ್ತಿಕೊಂಡೆ. ಎರಡು ಸಾಲು ಆಗಿತ್ತು. ಸೋಮಣ್ಣ ಬಂದು ರಟ್ಟೆ ಹಿಡಿದ.

"ಇದು ನಿಮ್ಮ ಹಳ್ಳಿ ಅಲ್ಲ. ಸುತ್ತ ಆಫೀಸರ್ ಮಂದಿ ಅದಾರ. ಬಾಯಿ ಮುಚ್ಚಿಸ್ರಿ ಇಕೀದು."

ಅವನ ಅಣ್ಣತಮ್ಮಂದಿರು ನನ್ನನ್ನು ಅಡಿಗೆಮನೆಗೆ ದೂಡಿ ಹೊರಗಿನಿಂದ ಚಿಲಕ ಹಾಕಿದರು. ತಂಗಿಯನ್ನು ಎತ್ತಿಕೊಂಡು ಹೋದ ಸಪ್ಪಳವನ್ನು ನಾನು ಬಾಗಿಲಿಗೆ ಕಿವಿ ಹಚ್ಚಿ ಕೇಳಿದೆ. ಮಣ್ಣು ಮಾಡಿ ಬಂದು ಅವರು ಚಿಲಕ ತೆಗೆದ ಮೇಲೆ ಠಾಣೆಗೆ ಹೋದೆ. ಕಾಮಾಲೆಯಿಂದ ಸತ್ತವಳಿಗೆ ಏನು ಕೇಸು ಎಂದು ಎಬ್ಬಿಸಿ ಕಳಿಸಿದರು. ಅಂದಿನಿಂದ ನಾನು ಯಾವ ಸಾವಿನ ಮನೆಯಲ್ಲೂ ಹಾಡಲಿಲ್ಲ. ಊರಿಗೂ ಹೋಗಲಿಲ್ಲ. ನನ್ನವರು ಮೊದಲೇ ತೀರಿಕೊಂಡಿದ್ದರು, ಕಾಯುವವರು ಯಾರೂ ಇರಲಿಲ್ಲ. ಲಿಂಗಂಪಲ್ಲಿಯಲ್ಲೇ ಕೋಣೆ ಹಿಡಿದು ಜೋಳದ ರೊಟ್ಟಿ ಬಡಿಯುತ್ತ ಉಳಿದೆ. ಅವನು ಇರುವ ಊರಲ್ಲಿ ನಾನೂ ಇರಬೇಕು ಅನ್ನುವುದಷ್ಟೇ ನನಗೆ ಗೊತ್ತಿತ್ತು.

ಊರು ಬೆಳೆಯಿತು. ಕೊಂಡಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸಿದರು. ಸೋಮಣ್ಣ ಅಗ್ಗಕ್ಕೆ ಹಿಡಿದಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಪ್ರಫುಲ್ಲಾ ಎಂಬಾಕೆಯನ್ನು ಮಾಡಿಕೊಂಡ. ಅಲ್ಲಿನ ಕನ್ನಡ ಮಂದಿಯ ಸಂಘಕ್ಕೆ ಅಧ್ಯಕ್ಷನೂ ಆದ. ನಾನು ಅದೇ ಕೊಂಡಾಪುರದಲ್ಲಿ, ಕಂಪ್ಯೂಟರ್ ಕಂಪನಿಗಳಿಗೆ ಹೋಗುವ ಹುಡುಗಿಯರ ಹಾಸ್ಟೆಲಿನಲ್ಲಿ ಅಡಿಗೆಗೆ ಸೇರಿದೆ.

ಪೂರ್ವಿ ಬಂದದ್ದು ಅಲ್ಲಿಗೆ. ಮೈಸೂರಿನ ಹುಡುಗಿ, ತೆಳ್ಳಗೆ, ದನಿ ಮಾತ್ರ ದಪ್ಪ. ಒಂದು ಸಂಜೆ ಮಾಳಿಗೆಯ ಮೇಲೆ ಒಣಗಿದ ಮೆಣಸಿನಕಾಯಿ ಬಾಚುತ್ತಿದ್ದೆ. ಆಕೆ ನೀರಿನ ಟಾಕಿಗೆ ಬೆನ್ನು ಕೊಟ್ಟು ಗಿಟಾರು ಹಿಡಿದು ಹಾಡುತ್ತಿದ್ದಳು. ಇಂಗ್ಲಿಷಿನ ಮಾತು ನನಗೇನು ತಿಳಿಯಬೇಕು. ಆದರೆ ಒಂದು ಸಾಲು ಬಂತು, ಅದೇ ಸಾಲು ಇನ್ನೊಮ್ಮೆ ಬಂತು, ಮೂರನೆಯದು ಹೊರಳಿ ಎದೆಗೆ ಬಂತು. ನಡುನಡುವೆ ಗಿಟಾರು, ಸುತ್ತ ಕೂತ ಹೆಂಗಸರು ಹೂಂಗುಟ್ಟಿದ ಹಾಗೆ. ನನ್ನ ಕೈ ನಿಂತಿತು.

"ಯಾರು ತೀರಿಕೊಂಡಾರವ್ವಾ?" ಎಂದು ಕೇಳಿದೆ.

ಆಕೆ ನಕ್ಕಳು. "ಯಾರೂ ಇಲ್ಲ ಅಜ್ಜಿ. ಇದಕ್ಕೆ ಬ್ಲೂಸ್ ಅಂತಾರೆ. ಅಮೆರಿಕದಲ್ಲಿ ಗುಲಾಮರಾಗಿ ದುಡಿದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಹಾಡು. ನಾನು ಅದೇ ದಾರೀಲಿ ನನ್ನವು ಕಟ್ಕೊಳ್ತೀನಿ."

ಆ ಜನರ ಬಾಯನ್ನೂ ಯಾರೋ ಮುಚ್ಚಲು ನೋಡಿರಬೇಕು ಅಂದುಕೊಂಡೆ. ಅಂದಿನಿಂದ ದಿನಾ ಮಾಳಿಗೆಗೆ ಹೋಗುತ್ತಿದ್ದೆ. ತನ್ನ ಮ್ಯಾನೇಜರನ ಮೇಲೆ, ಕಂಪನಿಯ ಕ್ಯಾಬ್ ಗಾಡಿಯ ಮೇಲೆ, ಬಿಟ್ಟುಹೋದ ಹುಡುಗನ ಮೇಲೆ ಕಟ್ಟಿದ ಹಾಡುಗಳ ಅರ್ಥ ಹೇಳುತ್ತಿದ್ದಳು. ಬಂಜಾರಾ ಹಿಲ್ಸಿನ ಒಂದು ಕಾಫಿ ಅಂಗಡಿಯಲ್ಲಿ ಹಾಡತೊಡಗಿದಳು. ಹೆಸರು ಬಾಯಿಂದ ಬಾಯಿಗೆ ಹೋಯಿತು, ಪೇಪರಿನಲ್ಲಿ ಫೋಟೋ ಬಂತು.

ಆ ಫೋಟೋ ನೋಡಿ ಸೋಮಣ್ಣ ಹಾಸ್ಟೆಲಿಗೆ ಬಂದ. ಅವನಿಗೆ ಎಪ್ಪತ್ತು ತುಂಬಿತ್ತು, ಸಂಘದವರು ಸನ್ಮಾನ ಇಟ್ಟುಕೊಂಡಿದ್ದರು, ನಮ್ಮ ಕನ್ನಡದ ಹುಡುಗಿ ಬಂದು ಹಾಡಬೇಕು ಎಂದ. ಊಟದ ಹೊತ್ತು. ನಾನೇ ಅವನಿಗೆ ಬಡಿಸಿದೆ. ರೊಟ್ಟಿ ಭಾಳ ಚಲೋ ಆಗ್ಯಾವು, ಊರು ನೆನಪಾತು ಅಂದ. ಬಡಿಸಿದವಳ ಮುಖ ನೋಡಲಿಲ್ಲ.

"ಇಂಗ್ಲಿಷ್ ಬ್ಯಾಡವ್ವಾ," ಎಂದ ಪೂರ್ವಿಗೆ. "ನಮ್ಮ ಕಡೀದು, ಎದಿಗೆ ತಟ್ಟೂವಂಥಾದ್ದು ಒಂದು ಹಾಡು."

ಅವನು ಹೋದ ಮೇಲೆ ಪೂರ್ವಿ ಚಿಂತೆಗೆ ಬಿದ್ದಳು. ಕನ್ನಡದಲ್ಲಿ ಆಕೆ ಇನ್ನೂ ಒಂದೂ ಕಟ್ಟಿರಲಿಲ್ಲ. ನಾನು ಕೊಡುತ್ತೇನೆ ಎಂದೆ. ಅಷ್ಟು ವರ್ಷ ನಾಲಿಗೆಗೆ ತಂದಿರದ ಸಾಲು ಮಾಳಿಗೆಯ ಮೇಲೆ ಕೂತು ಹೇಳಿಕೊಟ್ಟೆ:

ಒಳಗ ನೀರ ಕೇಳತಿದ್ದಿ ತಂಗಿ, ಹೊರಗ ಚಿಲಕ ಹಾಕಿತ್ತ.

ಆಕೆ ಅದನ್ನು ಎರಡು ಸಲ ಹಾಡಿ, ಮೈ ಜುಮ್ಮೆಂದು ತೋಳು ಉಜ್ಜಿಕೊಂಡಳು. ಮೂರನೆಯ ಸಾಲು ಯಾವುದು ಎಂದಳು. ಅದು ನನ್ನ ಹತ್ತಿರ ಇರಲಿ, ಆ ಜಾಗದಲ್ಲಿ ಗಿಟಾರು ಒಂದೇ ನುಡಿಯಲಿ ಎಂದೆ. ಅದೂ ಚೆನ್ನಾಗಿರುತ್ತದೆ ಎಂದು ಒಪ್ಪಿದಳು.

ಸನ್ಮಾನದ ದಿನ ನಾನು ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನ ತುದಿಗೆ ಕೂತೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ದೊಡ್ಡ ಮನಸ್ಸಿನ ಮನುಷ್ಯ ಎಂದು ಯಾರೋ ಭಾಷಣ ಮಾಡಿದರು. ಸೋಮಣ್ಣ ಹಾರ ತೆಗೆಯದೆ ವೇದಿಕೆಯ ಕುರ್ಚಿಯಲ್ಲಿ ಕೂತಿದ್ದ. ಪೂರ್ವಿ ಬಂದು ಹಾಡಿದಳು. ಮೊದಲ ಸಾಲಿಗೆ ಅವನ ನಗು ಹಾಗೇ ಇತ್ತು. ಎರಡನೆಯ ಸಲ ಚಿಲಕ ಎಂದಾಗ ಅವನ ಕೈ ಕುರ್ಚಿಯ ಹಿಡಿಯನ್ನು ಹುಡುಕಿತು. ಗಿಟಾರು ಒಂದೇ ನುಡಿಯಿತು. ನಾನು ಎದ್ದು ವೇದಿಕೆಯ ಮುಂದೆ ಹೋಗಿ ನಿಂತು, ತಲೆಯ ಮೇಲಿನ ಸೆರಗು ಸರಿಸಿ ಮೂರನೆಯ ಸಾಲು ಎತ್ತಿಕೊಂಡೆ:

ಚಿಲಕ ಹಾಕಿದ ಕೈ ಇಲ್ಲೈತಿ ಗದಿಗೆಮ್ಮಾ, ಸೋಮಣ್ಣನ ಕೊರಳಾಗ ಹಾರೈತಿ.

ಪೂರ್ವಿ ನನ್ನನ್ನು ನೋಡಿದಳು, ಅವನನ್ನು ನೋಡಿದಳು. ನಿಲ್ಲಿಸಲಿಲ್ಲ. ಮತ್ತೆ ಮೊದಲ ಸಾಲು ಹಿಡಿದಳು. ಬಿಜಾಪುರ, ಕಲಬುರ್ಗಿ ಕಡೆಯ ಹೆಂಗಸರಿಗೆ ಇದು ಎಂಥ ಹಾಡು ಎಂದು ತಿಳಿದುಹೋಯಿತು, ಒಬ್ಬೊಬ್ಬರಾಗಿ ಹೂಂಗುಟ್ಟಿದರು. ಸೋಮಣ್ಣ ಎದ್ದು ಮೈಕು ಬಂದ್ ಮಾಡಿಸಲು ಕೈ ಮಾಡಿದ. ಪಕ್ಕದಲ್ಲಿದ್ದ ಪ್ರಫುಲ್ಲಾ ಅವನ ಶಾಲಿನ ಚುಂಗು ಹಿಡಿದಳು.

"ಆಕಿ ಅಳಾಕತ್ತಾಳ್ರಿ. ಅಳೂವಾಕಿನ್ನ ತಡೀಬಾರ್ದು. ಕುಂದರ್ರಿ."

ಅವನು ಕೂತ. ನೀರಿನ ಲೋಟ, ಕಿಟಕಿ, ಸೋಲಾಪುರದ ಮದುವೆಯ ಊಟ, ಅಡಿಗೆಮನೆಯ ಬಾಗಿಲು, ಎಲ್ಲವನ್ನೂ ಹಾಡಿದೆ. ಹಾರ ಹಾಕಿಕೊಂಡೇ, ತಲೆ ತಗ್ಗಿಸಿಕೊಂಡೇ ಕೇಳಿದ.

ಬಸ್ಸಿನಲ್ಲಿ ಬರುವಾಗ ಪೂರ್ವಿ ಸಿಟ್ಟಾದಳು. "ಮುಂಚೇನೇ ಹೇಳ್ಬಹುದಿತ್ತಲ್ಲ ಅಜ್ಜಿ."

"ಹೇಳಿದ್ರ ಹಾಡ್ತಿದ್ದೇನು?"

ಗಿಟಾರನ್ನು ಮಡಿಲಿಗೆ ಎಳೆದುಕೊಂಡಳು. "ಇನ್ನೂ ಜೋರಾಗಿ ಹಾಡ್ತಿದ್ದೆ," ಎಂದಳು.

ಈಗ ಪೂರ್ವಿ ಎಲ್ಲಿ ಹೋದರೂ ಜನ ಮೊದಲು ಕೇಳುವುದು ಆ ಚಿಲಕದ ಹಾಡನ್ನೇ. ಯಾರೋ ಮೊಬೈಲಿಗೂ ಹಾಕಿಕೊಂಡಿದ್ದಾರೆ. ಸೋಮಣ್ಣ ಸಂಘಕ್ಕೆ ಬರುವುದನ್ನು ಬಿಟ್ಟ, ಆಮೇಲೆ ಮನೆಯಿಂದ ಹೊರಡುವುದನ್ನೂ ಬಿಟ್ಟ, ಈಚೆಗೆ ಹಾಸಿಗೆ ಹಿಡಿದಿದ್ದಾನೆ. ನಿನ್ನೆ ಪ್ರಫುಲ್ಲಾ ನಮ್ಮ ಅಡಿಗೆಮನೆಗೆ ಬಂದಿದ್ದಳು. ಮಣೆ ಕೊಟ್ಟೆ, ಕೂರಲಿಲ್ಲ.

"ಅಕ್ಕಾರ, ಅವ್ರಿಗೆ ಒಂದ ಅಂಜಿಕಿ ಹೊಕ್ಕೈತ್ರಿ," ಎಂದಳು. "ತಾವು ಸತ್ತಾಗ ನೀವು ಮಣ್ಣಿಗೆ ಬರಬಾರದಂತ. ಮಾತ ತಗೊಂಡ ಬಾ ಅಂತ ಕಳಿಸ್ಯಾರ."

ನಾನು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿದೆ.

"ಬರ್ತಾಳ ಅಂತ ಹೇಳವ್ವಾ," ಎಂದೆ. "ಪೂರ್ವಿನ್ನೂ ಕರಕೊಂಡ ಬರ್ತಾಳ ಅಂತ ಹೇಳು."