ಭೂತವಲ್ಲ, ದೊರವಾಯನ ಹಕ್ಕಿ

ಕಣ್ಣಾರೆ ಕಂಡ ಹಕ್ಕಿಯನ್ನು, ಸಮೀಕ್ಷೆಗೆ ಬಂದವರ ಮುಂದೆ ‘ಇಲ್ಲವೇ ಇಲ್ಲ’ ಎಂದು ಸಾಧಿಸಿದವರು ನೀವಲ್ಲವೇ?

೧೯೮೩ರ ಮುಂಗಾರಿಗೆ ಮೊದಲು, ತುಮಕೂರಿನ ಶಿರಾ ಗೇಟಿನ ಮನ್ಸೂರ್ ಅಲಿ ಮೇಷ್ಟ್ರು ಗುಬ್ಬಿಯ ಕಡೆಯ ಒಂದು ಹುಲ್ಲುಗಾವಲಿನ ಅಂಚಿಗೆ, ಕುರಿ ಸಾಕುವ ಅಡವಿಯಪ್ಪನ ಮನೆಗೆ ಬಂದರು. ಅಳಿವಿನಂಚಿಗೆ ಬಂದಿರುವ ಹಕ್ಕಿಯೊಂದರ ಸಮೀಕ್ಷೆಗೆ ಅವರು ತಮ್ಮ ಬೇಸಿಗೆ ರಜೆಯನ್ನು ಮೀಸಲಿಟ್ಟಿದ್ದರು.

“ಈ ಕಾವಲಲ್ಲಿ ಎರೆಭೂತ ಕಂಡಿದ್ದೀರಾ?”

ಅಡವಿಯಪ್ಪ ನಕ್ಕ. “ಭೂತ ಹುಡ್ಕೋಕೆ ಶಿರಾ ಗೇಟಿಂದ ಇಲ್ಲಿಗಂಟ ಬರ್ಬೇಕಿತ್ತಾ ಸಾಬ್ರೇ? ಅಲ್ಲೇ ಬೇಕಾದಷ್ಟವೆ!”

ಅವನ ಹೆಂಡತಿ ಶಿವರುದ್ರಮ್ಮ ಹಣೆಯ ವಿಭೂತಿ ಮುಟ್ಟಿಕೊಂಡಳು. “ಬೆಳಗ್ ಬೆಳಗ್ಗೇನೇ ಅದ್ರ ಹೆಸ್ರು ಯಾಕೆ ತೆಗೀತೀರಿ!”

ಮೇಷ್ಟ್ರಿಗೆ ತಪ್ಪು ಆಗ ಹೊಳೆಯಿತು. ಎರೆಭೂತವೆಂಬುದು ಎರೆಮಣ್ಣಿನ ಸೀಮೆಯವರ ಮಾತು; ಕೆಮ್ಮಣ್ಣಿನ ಈ ಜನಕ್ಕೆ ಅದು ಬರೀ ಭೂತ. ಕುಣಿಗಲ್ ಕಡೆಯ ಊರುಗಳಲ್ಲೂ ಅದೇ ಹೆಸರು ಹಿಡಿದು ಕೇಳಿ, ‘ಇಲ್ಲ’ ಎಂದು ಬರೆದುಕೊಂಡು ಬಂದಿದ್ದರು.

“ಭೂತ ಅಲ್ಲಮ್ಮ. ಸೊಂಟದೆತ್ತರದ ಹಕ್ಕಿ. ಬಿಳೀ ಕತ್ತು, ತಲೆ ಮೇಲೆ ಕರೀ ಟೋಪಿ. ಹಾರೋದಕ್ಕಿಂತ ನಡೆಯೋದೇ ಜಾಸ್ತಿ.”

“ಅಯ್ಯೋ, ದೊರವಾಯನ ಹಕ್ಕಿ!” ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ವಾರವಷ್ಟೇ ಹುಲ್ಲಿನ ನಡುವೆ, ಬರಿನೆಲದ ಮೇಲೆ, ಅದರ ಒಂಟಿ ಮೊಟ್ಟೆಯನ್ನು ಕಂಡಿದ್ದಳು.

ಗಂಡ ಗದರಿದ. “ಸುಮ್ಕಿರೇ! ಹಕ್ಕಿ ಐತೆ ಅಂದ್ರೆ ನಾಳೇನೇ ಬೇಲಿ ಹಾಕ್ತಾರೆ. ಕುರೀನ ನಿನ್ ತಲೆ ಮೇಲೆ ಮೇಯಿಸ್ಲಾ?”

“ಬೇಲಿ ಹಾಕಲ್ಲ ಅಂತ ಮಾತು ಕೊಡೋ ಅಧಿಕಾರ ನಂಗಿಲ್ಲ ಅಡವಿಯಪ್ನೋರೆ,” ಎಂದರು ಮೇಷ್ಟ್ರು. “ಆದ್ರೆ ಹಕ್ಕಿ ಇಲ್ಲ ಅಂದ್ರೆ ಇದು ಬರೀ ಬಂಜರು ಅಂತಾಗತ್ತೆ. ಮಳೆ ಬಿದ್ದ ಕೂಡ್ಲೇ ನೀಲಗಿರಿ ನೆಡ್ತಾರೆ. ಅದ್ರ ಬುಡದಲ್ಲಿ ಕುರಿ ಹೊಟ್ಟೆ ತುಂಬಿದ್ದು ಕಂಡಿದ್ದೀರಾ?”

ಪಕ್ಕದೂರಿನ ನೀಲಗಿರಿ ತೋಪಿನಿಂದ ಅಡವಿಯಪ್ಪನ ಕುರಿಗಳು ಹಿಂದೊಮ್ಮೆ ಹಸಿದೇ ಮರಳಿದ್ದವು.

“ಹೆಸ್ರಿಗೆ ಕಾವಲು ಅಂತೀವಿ,” ಎಂದಳು ಶಿವರುದ್ರಮ್ಮ. “ಒಂದು ಮೊಟ್ಟೆ ಕಾಯಕ್ಕಾಗ್ದಿದ್ರೆ ಅದ್ಯಾತರ ಕಾವಲು? ಮರಿ ಎದ್ದು ಓಡಾಡೋಗಂಟ ನಮ್ ಕುರಿ ಆ ಮೂಲೆಗೆ ಹೋಗಲ್ಲ, ತಿಳೀತಾ?”

ಅಡವಿಯಪ್ಪ ಟವಲು ಕೊಡವಿ ಎದ್ದ. “ಬನ್ನಿ ಸಾಬ್ರೇ, ನಿಮ್ ಭೂತ ತೋರಿಸ್ತೀನಿ. ದೂರ್ದಿಂದ್ಲೇ ನೋಡ್ಬೇಕು. ಹತ್ರ ಹೋದ್ರೆ ತಾಯಿ ಮೊಟ್ಟೆ ಬಿಟ್ಟೋಗ್ಬುಡ್ತದೆ.”

ಹುಲ್ಲಿನ ಮೇಲೆ ಬಿಳಿಯ ಕತ್ತೊಂದು ಎದ್ದು, ಅವರತ್ತ ತಿರುಗಿ, ಮತ್ತೆ ತಗ್ಗಿತು. ಮೇಷ್ಟ್ರು ‘ಉಂಟು’ ಎಂದು ಬರೆದುಕೊಂಡರು. ಮರುದಿನ, ಸರಿಯಾದ ಹೆಸರು ಹಿಡಿದು, ಮತ್ತೆ ಕುಣಿಗಲ್ ಬಸ್ಸು ಹತ್ತಿದರು.

ಓದುಗರೇ, ಹಕ್ಕಿಯನ್ನು ಕೊಲ್ಲಲು ಕೋವಿಯೇ ಬೇಕಿಲ್ಲ. ಒಂದು ಸುಳ್ಳು ‘ಇಲ್ಲ’ ಸಾಕು. ಸಮೀಕ್ಷೆಯವರು ನಿಮ್ಮ ಬಾಗಿಲಿಗೆ ಬಂದಾಗ, ಅವರ ಬಾಯಿಯ ಹೆಸರು ನಿಮಗೆ ತಿಳಿಯದಿದ್ದರೆ ಗುರುತು ಕೇಳಿ. ನಿಮ್ಮೂರಿನ ಹೆಸರನ್ನು ಹೇಳಿ, ಜಾಗವನ್ನು ತೋರಿಸಿ. ಕಂಡಿದ್ದರೆ, ಕಂಡೆವೆನ್ನಿ.