ನರಿ ಕರೆಯುವ ಮಾವ

ವರ್ತೂರಿನ ಹಿತ್ತಲಿನಿಂದ ನರಿಯೊಂದು ಯಮುನಾಳ ಕೋಳಿಗಳನ್ನು ಒಂದೊಂದಾಗಿ ಒಯ್ದು, ಕಾವಿಗೆ ಕೂತ ಹೇಂಟೆಯನ್ನಷ್ಟೇ ಉಳಿಸಿತ್ತು. ಹಿಂದೆ ಬೇಟೆಯಾಡುತ್ತಿದ್ದ ಮಾವ ಗೋಪಾಲಪ್ಪ, ನರಿಯನ್ನು ಕರೆದೇ ಹಿಡಿಯೋಣವೆಂದು ಸೊಸೆಯ ಕೈಗೆ ಬಲೆ ಕೊಟ್ಟು, ಮುಸ್ಸಂಜೆಯಲ್ಲಿ ಅಂಗೈ ಬಾಯಿಗಿಟ್ಟು ಗಾಯಗೊಂಡ ಮೊಲದಂತೆ ಕಿರುಚಿದರು. ಮೊದಲ ದಿನ ಬೀದಿನಾಯಿಗಳು ಬಂದವು. ಮರುದಿನ ಬಾಡಿಗೆಮನೆಯ ಭಾವನಾ ಬಟ್ಟಲಲ್ಲಿ ಹಾಲು ಹಿಡಿದು ಓಡಿಬಂದಳು.

“ಅಕ್ಕ, ಬೆಕ್ಕಿನ ಮರಿ ಎಲ್ಲಿ ಸಿಕ್ಕಾಕ್ಕೊಂಡಿದೆ?”

“ಬೆಕ್ಕಲ್ಲ ಕಣಮ್ಮ, ನಮ್ಮಾವ.”

ಯಮುನಾ ಬಲೆ ಕೆಳಗಿಟ್ಟು ಅವಳಿಗೆ ವಿವರಿಸುವಷ್ಟರಲ್ಲಿ ಗೋಪಾಲಪ್ಪ ಮತ್ತೆ ಕೂಗಿದರು. ಬಂದ ನರಿ ಮೊಲವನ್ನು ಹುಡುಕಲಿಲ್ಲ. ನೇರವಾಗಿ ಹೇಂಟೆಯನ್ನು ಕಚ್ಚಿಕೊಂಡು ಹೋಯಿತು.

“ಕರುದ್ರೆ ಬತ್ತದೆ ಅಂದಿರ್ಲಿಲ್ವೇನವ್ವ?” ಎಂದರು ಮಾವ, ಹೆಮ್ಮೆಯಿಂದ.

ಯಮುನಾ ಬುಟ್ಟಿಯ ಮೊಟ್ಟೆಗಳನ್ನು ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿದ್ದವು. ಬುಟ್ಟಿಯನ್ನು ತಂದು ಮಾವನ ಮಡಿಲಲ್ಲಿಟ್ಟಳು.

“ಇನ್ನು ಇವಕ್ಕೆ ನೀವೇ ಕಾವು ಕೊಡಿ, ಮಾವ.”