ಗೋಡೆ ಕುಡಿದ ಎಣ್ಣೆ

ಆ ಮನೆಯ ಹಿಂಗೋಡೆ ಗ್ರಾನೈಟಿನದು, ಒಂದೊಂದು ಕಲ್ಲೂ ಮೊಳದಷ್ಟು ದಪ್ಪ. ಮಧ್ಯಾಹ್ನ ಹೊರಗೆ ಎಷ್ಟೇ ಬಿಸಿಲು ಸುರಿಯಲಿ, ಒಳಮೈ ತಣ್ಣಗೆ. ಆ ಬಿಸಿ ಕಲ್ಲು ದಾಟಿ ಒಳಗೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಕಲ್ಲಿಗೆ ಅವಸರ ಅನ್ನುವುದೇ ಇಲ್ಲ ಎನ್ನುತ್ತಿದ್ದ, ತನ್ನ ಮನೆಯ ಗೋಡೆ ತಾನೇ ಕಟ್ಟಿದ ಕಲ್ಲುಕುಟಿಗ. ಅವನಿಗೂ ಇರಲಿಲ್ಲ ಬಿಡಿ. ದಿನವೂ ಕೆಲಸ ಮುಗಿಸಿ ಬಂದು, ತಲೆಗೆ ಎಣ್ಣೆ ತಟ್ಟಿಕೊಂಡು, ಅದೇ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಒರಗಿ ಒರಗಿ ಅಲ್ಲೊಂದು ತಟ್ಟೆಯಗಲದ ಕಪ್ಪು ಕಲೆ ಬಿದ್ದಿತ್ತು. ಗ್ರಾನೈಟ್ ಉಳಿಯ ಬಾಯನ್ನೇ ಮೊಂಡು ಮಾಡುವ ಘಟ, ನಿಜ; ಆದರೆ ಅದರ ಕಣಗಳ ನಡುವೆ ಕೂದಲೆಳೆಗಿಂತ ಸಣ್ಣ ಸಂದುಗಳಿವೆ. ಎಣ್ಣೆ ಅಲ್ಲಿ ಕಳ್ಳಹೆಜ್ಜೆಯಲ್ಲಿ ಇಳಿಯುತ್ತದೆ.

ಅವನು ತೀರಿಕೊಂಡ ಮೇಲೆ ಹೆಂಡತಿ ಆ ಕಲೆಗೆ ತಲೆಯಾನಿಸಿ ಕೂರತೊಡಗಿದಳು. ಮಧ್ಯಾಹ್ನದ ತಂಪಿಗೆ ಜೊಂಪು ಹತ್ತುತ್ತಿತ್ತು. ಜೊಂಪಿನಲ್ಲಿ ಗೋಡೆಯೊಳಗೆ ಯಾರೋ ನಿಧಾನ ನಡೆದು ಬರುತ್ತಿದ್ದರು. ಸಂಜೆ ಬೆನ್ನು ಬೆಚ್ಚಗಾದರೆ, ಬಂದರು ಎಂದು ಕಣ್ಣು ಬಿಡುತ್ತಿದ್ದಳು. ಹುಚ್ಚು ಅನ್ನಿ, ಆಕೆಗೇನು! ಅಷ್ಟು ಸಿಕ್ಕರೆ ಆಕೆಯ ದಿನ ಕಳೆಯುತ್ತಿತ್ತು.

ಮಗಳು ಅಪ್ಪನಿಂದಲೇ ಕಲಿತು ಕಲ್ಲಿಗೆ ಪಾಲಿಶ್ ಹಿಡಿಯುವವಳು. ಊರವರ ಕಲ್ಲನ್ನೆಲ್ಲ ಕನ್ನಡಿ ಮಾಡುವವಳ ಮನೆಯಲ್ಲೇ ಕಲೆಯೆಂದರೆ, ದೀಪದ ಬುಡದಲ್ಲಿ ಕತ್ತಲೆ ಎಂದು ಜನ ನಗುವುದಿಲ್ಲವೇ? ಅಮ್ಮ ತನ್ನ ತಂಗಿಯ ಮನೆಗೆ ಹೋದದ್ದೇ ತಡ, ಬಿಳಿ ಜೇಡಿಮಣ್ಣನ್ನು ಸೋಡಾಪುಡಿ ಬೆರೆಸಿದ ನೀರಿನಲ್ಲಿ ಕಲಸಿ ಕಲೆಯ ಮೇಲೆ ದಪ್ಪಗೆ ಮೆತ್ತಿದಳು. ಮಣ್ಣು ಒಣಗುತ್ತ ಒಣಗುತ್ತ ಕಲ್ಲಿನೊಳಗಿನ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಅದೂ ಅಪ್ಪ ಹೇಳಿಕೊಟ್ಟ ಉಪಾಯವೇ. ಅಮ್ಮನಿಗೆ ಖುಷಿಯಾಗಲಿ ಎಂಬ ಆಸೆ, ಪಾಪ.

ತಾಯಿ ಬಂದು ನೋಡಿದರೆ ಗೋಡೆ ಉದ್ದಕ್ಕೂ ಒಂದೇ ಬಣ್ಣ. ಕಲೆಯಿದ್ದ ಜಾಗವನ್ನು ಅಂಗೈಯಿಂದ ತಡವಿ ತಡವಿ ಹುಡುಕಿದಳು. ನಗುತ್ತ ನಿಂತಿದ್ದ ಮಗಳ ಮುಖ ಮೆಲ್ಲಗೆ ಇಳಿಯಿತು.

"ನಿಮ್ಮಪ್ಪ ತಲೆ ಇಡ್ತಿದ್ದ ಜಾಗ ಕಣೇ ಅದು" ಎಂದಳು ತಾಯಿ.

ಮಗಳು ಗೋಡೆಯ ಪಕ್ಕ ಬಂದು ಕೂತಳು. ತಾಯಿ ಅದೇ ಜಾಗಕ್ಕೆ ಒರಗಿ ಕಣ್ಣು ಮುಚ್ಚಿದಳು. ಕಲ್ಲು ಬರೀ ಕಲ್ಲಾಗಿತ್ತು. ಸಂಜೆ ಬೆನ್ನಿಗೆ ಬಿಸಿ ಬಂತು, ಯಾರೂ ಬರಲಿಲ್ಲ. ಆಮೇಲೆ ಮೂಗಿಗೆ ಏನೋ ತಾಗಿತು. ಗೋಡೆಯ ಬುಡದಲ್ಲಿ, ಕಸದ ಮೊರದಲ್ಲಿ, ಕೆರೆದು ತೆಗೆದ ಮಣ್ಣಿನ ಹಕ್ಕಳೆಗಳು ಎಣ್ಣೆ ಕುಡಿದು ಹಳದಿಯಾಗಿ ಬಿದ್ದಿದ್ದವು. ಗೋಡೆಯ ಬಿಸಿಗೆ ವಾಸನೆ ಬಿಡುತ್ತಿದ್ದವು. ಇಷ್ಟು ವರ್ಷ ಕಲ್ಲು ಬಣ್ಣವನ್ನಷ್ಟೇ ತೋರಿಸಿ, ವಾಸನೆಯನ್ನು ಒಳಗೇ ಇಟ್ಟುಕೊಂಡಿತ್ತು.

ತಾಯಿ ಒಂದು ಚೂರು ಎತ್ತಿ ಮೂಸಿದಳು. ಹಳಸಿದ ಎಣ್ಣೆ, ಅದರಡಿಯಲ್ಲಿ ಬೆವರು, ಕಲ್ಲಿನ ದೂಳು. ಅದನ್ನು ಮಗಳ ಮೂಗಿನ ಹತ್ತಿರ ಹಿಡಿದಳು.

"ಅಪ್ಪ" ಎಂದಳು ಮಗಳು, ಬಾಗಿಲಿಗೆ ಬಂದವರನ್ನು ಕರೆದ ಹಾಗೆ.

ಮೊರವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಬೆಚ್ಚಗಿನ ಗೋಡೆಗೆ ಒರಗಿದರು. ಆ ಸಂಜೆ ದೀಪ ಹಚ್ಚುವುದು ಇಬ್ಬರಿಗೂ ಮರೆತೇಹೋಯಿತು.